ಕಾರಿನ ಬಾಗಿಲಿನ ಲೆದರ್ ಎದ್ದು ಬಂತಾ? ಗಮ್ಮು ತರುವ ಮೊದಲು ಇದನ್ನು ನೋಡಿ

ಬಾಗಿಲಿನ ಪ್ಯಾನೆಲ್‌ಗೆ ಅಂಟಿಸಿದ ಲೆದರ್ ಎದ್ದು ಬಂದರೆ ಎಲ್ಲರೂ ಮೊದಲು ಬೈಯುವುದು ಗಮ್ಮನ್ನು. ಪೇಟೆಯಿಂದ ಇನ್ನೊಂದು ಡಬ್ಬಿ ತರುತ್ತಾರೆ, ಎದ್ದ ಜಾಗಕ್ಕೆ ಬಳಿಯುತ್ತಾರೆ, ಒತ್ತಿ ಹಿಡಿದು ಬಿಡುತ್ತಾರೆ. ಸ್ವಲ್ಪ ದಿನ ಸುಮ್ಮನಿರುತ್ತದೆ. ಆಮೇಲೆ ಅದೇ ಜಾಗ ಮತ್ತೆ ಉಬ್ಬುತ್ತದೆ. ಕಾಸರಗೋಡಿನಂಥ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬಟ್ಟೆಯೇ ಒಣಗದ ಊರಲ್ಲಿ, ಗಮ್ಮಿನ ತಪ್ಪಿಗಿಂತ ನೀರಿನ ತಪ್ಪೇ ಜಾಸ್ತಿ. ಆ ನೀರು ಬರುವುದೂ ಮುಂದಿನಿಂದ ಅಲ್ಲ, ಹಿಂದಿನಿಂದ.

ಲೆದರ್ ಹಾಕುವುದು ಹೇಗೆ ಅಂತ ಇಲ್ಲಿ ಹೇಳುತ್ತಿಲ್ಲ. ಹಾಕಿ ಆದ ಮೇಲೆ ಕೆಟ್ಟಿದ್ದರೆ, ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು ಹೇಗೆ ಅನ್ನುವುದಷ್ಟೇ.

ಬಿಚ್ಚುವ ಮೊದಲು

ಪ್ಯಾನೆಲ್ ಕಾರಿನಲ್ಲೇ ಇರುವಾಗ ಎದ್ದ ಜಾಗಗಳಿಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿ, ಒಂದು ಫೋಟೋ ತೆಗೆಯಿರಿ. ಬಿಚ್ಚಿ ಅಂಗಳದಲ್ಲಿ ಮಲಗಿಸಿದ ಮೇಲೆ ಅರ್ಧ ಗುಳ್ಳೆಗಳು ಕಾಣುವುದೇ ಇಲ್ಲ.

ಯಾವ ಹೊತ್ತಿಗೆ ಉಬ್ಬುತ್ತದೆ ಅನ್ನುವುದನ್ನೂ ಗಮನಿಸಿ. ಮಧ್ಯಾಹ್ನ ಬಿಸಿಲಿಗೆ ನಿಂತ ಕಾರಿನಲ್ಲಿ ಎದ್ದು, ರಾತ್ರಿ ತಣ್ಣಗಾದ ಮೇಲೆ ಕೂತರೆ ಅದು ಗಮ್ಮು ಮೆತ್ತಗಾಗುತ್ತಿರುವ ಲಕ್ಷಣ. ಇಲ್ಲವೇ ಗಮ್ಮಿನ ಸಾಲ್ವೆಂಟ್, ಅಂದರೆ ಗಮ್ಮು ಒಣಗುವಾಗ ಹಾರಿ ಹೋಗಬೇಕಾದ ದ್ರವ, ಒಳಗೆ ಸಿಕ್ಕಿಕೊಂಡಿದೆ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಕಪ್ಪು ಭಾಗಗಳು 70 ಡಿಗ್ರಿ ದಾಟುವುದುಂಟು. ಆ ಬಿಸಿಗೆ ಕಮ್ಮಿ ದರ್ಜೆಯ ಗಮ್ಮು ನಿಲ್ಲುವುದಿಲ್ಲ. ಬಿಸಿಲಿಗೆ ಏನೂ ಆಗದೆ, ಎರಡು ದಿನ ಜೋರು ಮಳೆ ಹೊಡೆದ ಮೇಲೆ ಎದ್ದರೆ ಅದು ನೀರು. ಎರಡೂ ಅಲ್ಲ, ಯಾವಾಗಲೂ ಹಾಗೇ ಇದೆ ಅಂದರೆ ಲೆದರ್ ಎಳೆದು ಕೂರಿಸಿದ ರೀತಿಯಲ್ಲಿ ತೊಂದರೆ ಇದೆ.

ಬೆರಳಿನಿಂದ ಒತ್ತಿಯೂ ನೋಡಿ. ಒತ್ತಿದ ತಕ್ಷಣ ವಾಪಸ್ ಎದ್ದು ನಿಂತರೆ ಲೆದರ್ ಬಿಗಿಯಾಗಿ ಎಳೆದುಕೊಂಡಿದೆ. ಒತ್ತಿದಾಗ ಗುಳ್ಳೆ ಪಕ್ಕಕ್ಕೆ ಸರಿದರೆ ಒಳಗೆ ಗಾಳಿ ಇದೆ. ಒತ್ತಿದ ಹೊಂಡ ಮೆಲ್ಲ ಮೆಲ್ಲ ಮೇಲೆ ಬಂದು, ಬೆರಳಿಗೆ ತಂಪು ತಾಗಿದರೆ ಲೆದರಿನ ಕೆಳಗಿನ ಫೋಮ್ ಒದ್ದೆ.

ಬಿಚ್ಚುವುದು ಕಷ್ಟದ ಕೆಲಸ ಅಲ್ಲ, ಆದರೆ ಅವಸರದ ಕೆಲಸವೂ ಅಲ್ಲ. ಮೊದಲು ಬ್ಯಾಟರಿಯ ಮೈನಸ್ ತಂತಿ ತೆಗೆಯಿರಿ. ಒಳಗಿನ ಹಿಡಿಯ ಹಿಂದೆ ಒಂದು, ಕೈ ಇಡುವ ಜಾಗದ ಸಣ್ಣ ಮುಚ್ಚಳದ ಕೆಳಗೆ ಒಂದೆರಡು, ಕೆಳಗಿನ ಪಾಕೆಟ್‌ನಲ್ಲಿ ಒಂದು, ಹೀಗೆ ಸ್ಕ್ರೂಗಳು ಅಡಗಿರುತ್ತವೆ. ಉಳಿದದ್ದು ಸುತ್ತಲಿನ ಪ್ಲಾಸ್ಟಿಕ್ ಕ್ಲಿಪ್‌ಗಳು. ಪ್ಲಾಸ್ಟಿಕ್ ಪಟ್ಟಿಯಿಂದ ಕ್ಲಿಪ್ ಇರುವ ಜಾಗದಲ್ಲೇ ಮೀಟಿ. ಸ್ಕ್ರೂಡ್ರೈವರ್ ಹಾಕಿದರೆ ಬಣ್ಣ ಹೋಗುತ್ತದೆ, ನಮ್ಮ ಉಪ್ಪುಗಾಳಿಗೆ ಆ ಗೀರು ಮುಂದಿನ ಮಳೆಗಾಲದೊಳಗೆ ತುಕ್ಕು. ಕ್ಲಿಪ್ ಎಲ್ಲ ಬಿಟ್ಟ ಮೇಲೆ ಪ್ಯಾನೆಲನ್ನು ಮೇಲಕ್ಕೆ ಎತ್ತಿ ಗಾಜಿನ ಅಂಚಿನಿಂದ ಬಿಡಿಸಿ. ಎಳೆದು ತೆಗೆಯಬೇಡಿ, ಹಿಂದೆ ಹಿಡಿಯ ಕೇಬಲ್ ಮತ್ತು ಸ್ವಿಚ್‌ನ ವೈರು ಇನ್ನೂ ಕಟ್ಟಿಕೊಂಡಿರುತ್ತವೆ. ಹಳೇ ಕಾರಾದರೆ ಒಂದಿಷ್ಟು ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಮುರಿದೇ ಮುರಿಯುತ್ತವೆ.

ಗಮ್ಮು ಯಾರ ಕಡೆ ಉಳಿದಿದೆ?

ಎಲ್ಲ ಪರೀಕ್ಷೆಗಳಲ್ಲಿ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಎದ್ದ ಜಾಗದ ಅಂಚು ಹಿಡಿದು ಒಂದು ಬೆರಳು ಉದ್ದದಷ್ಟು ನಿಧಾನವಾಗಿ ಸುಲಿಯಿರಿ. ಈಗ ಲೆದರಿನ ಹಿಂಬದಿಯನ್ನೂ ಪ್ಯಾನೆಲ್‌ನ ಮುಖವನ್ನೂ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಗಮ್ಮೆಲ್ಲ ಲೆದರಿನ ಜೊತೆ ಬಂದು, ಪ್ಲಾಸ್ಟಿಕ್ ಬೋಳಾಗಿ ಹೊಳೆಯುತ್ತಿದ್ದರೆ ಗಮ್ಮು ಪ್ಲಾಸ್ಟಿಕ್ಕನ್ನು ಹಿಡಿದೇ ಇರಲಿಲ್ಲ. ಕಾರಣ ಎರಡರಲ್ಲಿ ಒಂದು. ಒಂದು, ವರ್ಷಗಟ್ಟಲೆ ಉಜ್ಜಿದ ಡ್ಯಾಶ್‌ಬೋರ್ಡ್ ಪಾಲಿಶ್. ಅದರಲ್ಲಿರುವ ಸಿಲಿಕೋನ್ ಮೇಲೆ ಏನೂ ಅಂಟುವುದಿಲ್ಲ. ಇನ್ನೊಂದು, ಪ್ಲಾಸ್ಟಿಕ್‌ನ ಜಾತಿ. ಪ್ಯಾನೆಲ್ ತಿರುಗಿಸಿ ನೋಡಿದರೆ ಹಿಂದೆ ಅಚ್ಚಿನಲ್ಲೇ ಪಿಪಿ ಅಂತಲೋ ಎಬಿಎಸ್ ಅಂತಲೋ ಒತ್ತಿರುತ್ತಾರೆ. ಎಬಿಎಸ್ ಒಳ್ಳೆಯದು, ಉಜ್ಜಿ ಒರೆಸಿದರೆ ಗಮ್ಮು ಹಿಡಿಯುತ್ತದೆ. ಅದಕ್ಕೆ ಥಿನ್ನರ್ ಮಾತ್ರ ಹಾಕಬೇಡಿ, ಮೇಲ್ಮೈ ಕರಗುತ್ತದೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಹುಟ್ಟಾ ಅಂಟಿಸಿಕೊಳ್ಳದ ಜಾತಿ. ಪಾತ್ರೆ ಸೋಪಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, 180 ಅಥವಾ 240 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಪಿಪಿಗೆಂದೇ ಬರುವ ಪ್ರೈಮರ್ ಹೊಡೆದ ಮೇಲೆಯೇ ಗಮ್ಮು. ಸಾಕಾಯಿತಾ ಅಂತ ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಗುಂಡಗೆ ಬಿಟ್ಟು ನಿಂತರೆ ಗಮ್ಮೂ ಹಾಗೇ ಬಿಟ್ಟು ನಿಲ್ಲುತ್ತದೆ. ತೆಳುವಾಗಿ ಹರಡಿದರೆ ಸರಿಯಾಗಿದೆ, ಒಣಗಿಸಿ ಮುಂದುವರಿಯಿರಿ.

ಗಮ್ಮೆಲ್ಲ ಪ್ಯಾನೆಲ್‌ನಲ್ಲೇ ಉಳಿದು ಲೆದರಿನ ಹಿಂಬದಿ ಒಣ ಒಣ ಇದ್ದರೆ, ಚರ್ಮ ಮೊದಲ ಕೋಟನ್ನು ಕುಡಿದುಬಿಟ್ಟಿದೆ. ಚರ್ಮಕ್ಕೆ ಯಾವಾಗಲೂ ಎರಡು ಕೋಟು ಬೇಕು. ಮೊದಲನೆಯದು ತೆಳ್ಳಗೆ, ಅದು ಇಂಗಿ ಒಣಗಿದ ಮೇಲೆ ಎರಡನೆಯದು. ಉಳಿದ ಗಮ್ಮಿನ ಮೇಲೆ ಚರ್ಮದ ನಾರು ಹತ್ತಿಯಂತೆ ಅಂಟಿಕೊಂಡಿದ್ದರೆ ಗಮ್ಮಿನ ತಪ್ಪೇ ಇಲ್ಲ, ನಾರೇ ಕಿತ್ತು ಬಂದಿದೆ. ಹೊಟ್ಟೆ ಭಾಗದ ಚರ್ಮ ಹೀಗೆ ಸಡಿಲ ಇರುತ್ತದೆ. ಬೆನ್ನಿನ ಭಾಗದ ತುಂಡು ಬಳಸಿ.

ಎರಡೂ ಕಡೆ ಅರ್ಧರ್ಧ ಗಮ್ಮು ಉಳಿದಿದೆಯೇ? ಅದು ಮಧ್ಯದಲ್ಲೇ ಸೀಳಿದೆ. ಎಳೆದಾಗ ನೂಲು ನೂಲಾಗಿ ಬಂದರೆ ಒಳಗೆ ಇನ್ನೂ ಹಸಿ ಇದೆ. ಪೂರ್ತಿ ಒಣಗುವ ಮೊದಲೇ ಒತ್ತಿಬಿಟ್ಟಿದ್ದಾರೆ ಅಥವಾ ಬಿಸಿಗೆ ಮೆತ್ತಗಾಗಿದೆ. ಎರಡೂ ಕಡೆ ಗಮ್ಮು ನಯವಾಗಿ, ಗಾಜಿನ ಹಾಗೆ ಇದ್ದು ಒಂದಕ್ಕೊಂದು ಮುಟ್ಟಿದ ಗುರುತೇ ಇಲ್ಲದಿದ್ದರೆ ಕಥೆ ಬೇರೆ. ಅದನ್ನು ಮಳೆಯ ಮಾತಿನಲ್ಲಿ ಹೇಳುತ್ತೇನೆ.

ಫೋಮೇ ಎರಡು ಹೋಳಾಗಿ, ಮುಟ್ಟಿದರೆ ಹಳದಿ ಪುಡಿ ಉದುರಿದರೆ ಹಳೇ ಫೋಮ್ ಸತ್ತಿದೆ. ಪಾಲಿಯುರೆಥೇನ್ ಫೋಮ್ ತೇವಕ್ಕೆ ಹಾಗೇ ಆಗುವುದು. ಕೆರೆದು ತೆಗೆದು ಹೊಸ 3 ಮಿಲಿಮೀಟರ್ ಫೋಮ್ ಹಾಕಿ, ಬೇರೆ ದಾರಿ ಇಲ್ಲ.

ಕೆಳಗಿನ ಅಂಚಿನಿಂದ ಎದ್ದರೆ

ನೀರ್ಚಾಲು ಕಡೆಯ ನಮ್ಮ ಸಂಬಂಧಿಕರ ಒಂದು ಕಾರು. ನಾಲ್ಕೂ ಬಾಗಿಲಿಗೆ ಒಂದೇ ಚರ್ಮ, ಒಂದೇ ಡಬ್ಬಿಯ ಗಮ್ಮು, ಒಬ್ಬರೇ ಕೂತು ಮಾಡಿದ ಕೆಲಸ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮುಂದಿನ ಎರಡು ಬಾಗಿಲು ಮಾತ್ರ ಕೆಳಗಿನಿಂದ ಒಂದು ಗೇಣು ಎತ್ತರಕ್ಕೆ ಎದ್ದಿತು. ಹಿಂದಿನವು ಹೊಸದರಂತೆ ಇದ್ದವು. ಗಮ್ಮು ಕೆಟ್ಟದಾಗಿದ್ದರೆ ನಾಲ್ಕೂ ಏಳಬೇಕಿತ್ತು, ಅಲ್ವಾ? ಪ್ಯಾನೆಲ್ ತೆಗೆದು ನೋಡಿದರೆ, ಮುಂದಿನ ಬಾಗಿಲುಗಳಲ್ಲಿ ಸ್ಪೀಕರ್ ಬದಲಾಯಿಸುವಾಗ ಅಂಗಡಿಯವರು ಒಳಗಿನ ಪ್ಲಾಸ್ಟಿಕ್ ಶೀಟನ್ನು ಬ್ಲೇಡಿನಲ್ಲಿ ಸೀಳಿ ಹಾಗೇ ಬಿಟ್ಟಿದ್ದರು. ಸೀಳಿದ ತುದಿ ಹೊರಕ್ಕೆ ಮಡಚಿ ಪ್ಯಾನೆಲ್‌ಗೆ ತಾಗುತ್ತಿತ್ತು. ಪ್ಯಾನೆಲ್‌ನ ಹಿಂಬದಿಯಲ್ಲಿ ಕೆಂಪು ಮಣ್ಣಿನ ನೀರು ಹರಿದ ಗೆರೆ, ಸೀಳಿನ ನೇರಕ್ಕೆ, ಕೆಳಗಿನ ಅಂಚಿನವರೆಗೂ ಇಳಿದಿತ್ತು.

ಬಾಗಿಲಿನ ಒಳಗೆ ನೀರು ಹೋಗುವುದು ದೋಷ ಅಲ್ಲ. ಗಾಜಿನ ಮೇಲೆ ಬಿದ್ದ ಮಳೆಯಲ್ಲಿ ಸ್ವಲ್ಪ ಹೊರಗಿನ ರಬ್ಬರ್ ದಾಟಿ ಬಾಗಿಲಿನೊಳಕ್ಕೆ ಇಳಿದೇ ಇಳಿಯುತ್ತದೆ. ಇಳಿದ ನೀರು ಬಾಗಿಲಿನ ತಳದ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಈ ನೀರು ಪ್ಯಾನೆಲ್ ಕಡೆ ಬಾರದ ಹಾಗೆ ತಡೆಯುವುದೇ ಆ ಶೀಟು. ಕಪ್ಪು ಬ್ಯೂಟೈಲ್ ಅಂಟಿನಲ್ಲಿ ಸುತ್ತಲೂ ಹಿಡಿದು, ಕೆಳಗಿನ ತುದಿಯನ್ನು ಬಾಗಿಲಿನ ಒಳಕ್ಕೆ ಸಿಕ್ಕಿಸಿರುತ್ತಾರೆ, ನೀರು ವಾಪಸ್ ಒಳಗೇ ಇಳಿಯಲಿ ಅಂತ. ಆ ತುದಿ ಹೊರಗೆ ಬಂದರೆ ಸಾಕು, ಇಡೀ ಬಾಗಿಲಿನ ನೀರು ನಿಮ್ಮ ಲೆದರಿನ ಬೆನ್ನಿಗೆ.

ಪರೀಕ್ಷೆ ಸುಲಭ. ಪ್ಯಾನೆಲ್ ತೆಗೆದು, ಗಾಜು ಮೇಲೆತ್ತಿ, ಹೊರಗಿನಿಂದ ಗಾಜಿನ ಬುಡಕ್ಕೆ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ. ಒಬ್ಬರು ಒಳಗೆ ಕೂತು ಟಾರ್ಚ್ ಹಿಡಿದು ಶೀಟನ್ನು ನೋಡಲಿ, ಇನ್ನೊಬ್ಬರು ತಳದ ತೂತು ನೋಡಲಿ. ತಳದಿಂದ ನೀರು ಧಾರಾಳ ಸುರಿದು ಶೀಟಿನ ಒಳಮುಖ ಒಣಗಿದ್ದರೆ ಬಾಗಿಲು ಸರಿ ಇದೆ. ತಳದಿಂದ ಏನೂ ಬಾರದೆ, ಬಾಗಿಲು ಅಲ್ಲಾಡಿಸಿದಾಗ ಒಳಗೆ ಕುಲು ಕುಲು ಸದ್ದು ಬಂದರೆ ತೂತು ಕಟ್ಟಿದೆ. ನಮ್ಮಲ್ಲಿ ಇದು ಜಾಸ್ತಿ. ಮುರಕಲ್ಲಿನ ಧೂಳು, ಹೆದ್ದಾರಿ 66ರ ಅಗಲೀಕರಣದ ಮಣ್ಣು, ಎಲ್ಲ ಸೇರಿ ಒಳಗೆ ಕೆಸರಾಗಿ ಕೂತಿರುತ್ತದೆ. ತೆಂಗಿನ ಕಡ್ಡಿಯಲ್ಲಿ ಚುಚ್ಚಿ ಬಿಡಿಸಿ. ತಂತಿ ಹಾಕಿದರೆ ಒಳಗಿನ ಬಣ್ಣ ಕೆರೆದು ಹೋಗುತ್ತದೆ.

ಹರಿದ ಶೀಟಿಗೆ ಸೆಲ್ಲೋ ಟೇಪ್ ಹಚ್ಚುವುದು ಸುಮ್ನೆ ಕಣ್ಣೊರೆಸುವ ಕೆಲಸ, ತೇವಕ್ಕೆ ವಾರದಲ್ಲಿ ಬಿಡುತ್ತದೆ. ಇಡೀ ಶೀಟು ಬದಲಾಯಿಸಿ. ಅಡಿಕೆ ಒಣಗಿಸುವ ಸೋಲಾರ್ ಗೂಡಿಗೆ ಹಾಕುವ 200 ಮೈಕ್ರಾನ್ ಶೀಟು ಇದಕ್ಕೆ ಚೆನ್ನಾಗಿ ಆಗುತ್ತದೆ, ಅಡಿಕೆ ತೋಟದ ಮನೆಯಲ್ಲಿ ಒಂದು ತುಂಡು ಎಲ್ಲಾದರೂ ಬಿದ್ದಿರುತ್ತದೆ. ಹಳೇ ಶೀಟನ್ನೇ ಅಚ್ಚಾಗಿ ಇಟ್ಟು ಕತ್ತರಿಸಿ, ಬ್ಯೂಟೈಲ್ ಟೇಪಿನಲ್ಲಿ ಕೂರಿಸಿ. ಕೆಲವು ಹೊಸ ಕಾರುಗಳಲ್ಲಿ ಪಕ್ಕದಿಂದ ಗುದ್ದಿದರೆ ಅದನ್ನು ತಿಳಿಯುವ ಸೆನ್ಸರ್ ಬಾಗಿಲಿನೊಳಗಿನ ಗಾಳಿಯ ಒತ್ತಡವನ್ನೇ ಅಳೆಯುತ್ತದೆ. ಅಂಥ ಕಾರಿನಲ್ಲಿ ಶೀಟಿನ ತೂತು ಬರೀ ಲೆದರಿನ ತೊಂದರೆ ಅಲ್ಲ, ಏರ್‌ಬ್ಯಾಗ್‌ನ ತೊಂದರೆ. ಒಂದೂ ತೂತು ಉಳಿಸಬೇಡಿ.

ಅಂಬಾಸಿಡರ್ ಕಾಲದ ಹಾರ್ಡ್‌ಬೋರ್ಡ್ ಪ್ಯಾನೆಲ್ ಆದರೆ ಇನ್ನೂ ಕಷ್ಟ. ನೀರು ಕುಡಿದ ಬೋರ್ಡ್ ಊದಿ ಡೊಂಕಾಗುತ್ತದೆ, ಒಣಗಿದರೂ ನೇರ ಆಗುವುದಿಲ್ಲ. ಡೊಂಕು ಬೋರ್ಡಿನ ಮೇಲೆ ಲೆದರ್ ಹಾಕಿ ಹಣ ಕಳೆಯಬೇಡಿ. ಹೊಸ ಬೋರ್ಡ್ ಕತ್ತರಿಸಿ, ಎರಡೂ ಮುಖಕ್ಕೆ, ಮುಖ್ಯವಾಗಿ ಅಂಚಿಗೆ ಮತ್ತು ತೂತುಗಳ ಸುತ್ತ, ವಾರ್ನಿಷ್ ಬಳಿದು ಒಣಗಿಸಿ. ಅಂಚಿನಲ್ಲಿ ಸಾಲಾಗಿ ಕಂದು ಚುಕ್ಕಿ ಎದ್ದಿದ್ದರೆ ಅದು ಸ್ಟೇಪಲ್ ಪಿನ್ನಿನ ತುಕ್ಕು. ಕುಂಬಳೆ, ಮಂಜೇಶ್ವರ, ಬೇಕಲದ ಕಡಲ ಬದಿಯವರಿಗೆ ಇದು ಬೇಗ ಬರುತ್ತದೆ. ಸ್ಟೇನ್‌ಲೆಸ್ ಪಿನ್ನೇ ಹೊಡೆಯಿರಿ.

ಮಳೆಯಲ್ಲಿ ಹಚ್ಚಿದ ಗಮ್ಮು

ಹಳದಿ ರಬ್ಬರ್ ಗಮ್ಮನ್ನು ಎರಡೂ ಕಡೆ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಒಣ ಹವೆಯಲ್ಲಿ ಹತ್ತು ಹದಿನೈದು ನಿಮಿಷ ಸಾಕು. ಬೆರಳಿನ ಹಿಂಬದಿ ತಾಗಿಸಿದರೆ ಅಂಟು ಅನಿಸಬೇಕು, ಆದರೆ ಬೆರಳಿಗೆ ಹತ್ತಬಾರದು, ನೂಲು ಬರಬಾರದು.

ಜುಲೈಯಲ್ಲಿ ಈ ಲೆಕ್ಕ ತಪ್ಪುತ್ತದೆ. ಸಾಲ್ವೆಂಟ್ ಹಾರಿ ಹೋಗುವಾಗ ಗಮ್ಮಿನ ಮೇಲ್ಮೈಯ ಬಿಸಿಯನ್ನೂ ಒಯ್ಯುತ್ತದೆ. ಮೇಲ್ಮೈ ತಣ್ಣಗಾಗುತ್ತದೆ. ಗಾಳಿ ತುಂಬ ತೇವ ಇರುವಾಗ ಆ ತಣ್ಣನೆಯ ಮೇಲ್ಮೈಗೆ ನೀರಿನ ಹಬೆ ಬಂದು ಕೂರುತ್ತದೆ. ಓರೆ ಬೆಳಕಿನಲ್ಲಿ ನೋಡಿದರೆ ಹಳದಿಯ ಮೇಲೆ ತೆಳು ಬಿಳಿ ಮಬ್ಬು ಕಾಣುತ್ತದೆ. ಬೆರಳಿಗೆ ಒಣಗಿದೆ ಅಂತಲೇ ಅನಿಸುತ್ತದೆ. ಒತ್ತಿದರೆ ಎರಡು ಗಮ್ಮುಗಳ ನಡುವೆ ನೀರಿನ ಪದರ. ಆಗ ಹೇಳಿದೆನಲ್ಲ, ಎರಡೂ ಕಡೆ ನಯವಾಗಿ ಉಳಿದ ಗಮ್ಮು, ಅದು ಹೀಗೆ ಆಗುವುದು. ಹಚ್ಚಿ ಊಟಕ್ಕೆ ಹೋಗಿ ತುಂಬ ಹೊತ್ತು ಬಿಟ್ಟರೂ ಇದೇ ಥರ ಕಾಣುತ್ತದೆ. ಯಾವುದು ಅಂತ ತಿಳಿಯಬೇಕಾದರೆ ಕೆಲಸ ಮಾಡಿದ ದಿನ ನೆನಪು ಮಾಡಿಕೊಳ್ಳಿ: ಅಂದು ಮಳೆ ಇತ್ತಾ?

ಗಾಳಿಯ ತೇವ 80 ಶೇಕಡಾ ದಾಟಿದ ದಿನ ಗಮ್ಮಿನ ಕೆಲಸ ಬೇಡ. ನಮ್ಮ ಮಳೆಗಾಲದಲ್ಲಿ ಅಂದರೆ ಹೆಚ್ಚುಕಮ್ಮಿ ಬೇಡವೇ ಬೇಡ. ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಮುಗಿಸಿ, ಇಲ್ಲದಿದ್ದರೆ ದೀಪಾವಳಿ ಕಳೆಯಲಿ. ಕಾಯಲು ಆಗದಿದ್ದರೆ, ಮಳೆ ಬಿಟ್ಟ ದಿನ ಬೆಳಿಗ್ಗೆ ಹನ್ನೊಂದರಿಂದ ಮೂರರ ಒಳಗೆ, ಲೆದರನ್ನೂ ಪ್ಯಾನೆಲನ್ನೂ ಮೊದಲೇ ಕೂದಲೊಣಗಿಸುವ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪ ಜಾಗಕ್ಕೆ ಹಚ್ಚಿ. ಮಬ್ಬು ಬಂದರೆ ಡ್ರೈಯರ್ ಹಿಡಿದು ಮಬ್ಬು ಹೋಗುವವರೆಗೆ ಬಿಸಿ ಮಾಡಿ, ಬಿಸಿ ಇರುವಾಗಲೇ ಒತ್ತಿ. ಆದರೆ ಹಚ್ಚಿದ ತಕ್ಷಣ, ಸಾಲ್ವೆಂಟ್ ವಾಸನೆ ತುಂಬಿರುವಾಗ ಡ್ರೈಯರ್ ಹತ್ತಿರ ತರಬೇಡಿ. ಇನ್ನೊಂದು, ಮಳೆಗಾಲದಲ್ಲಿ ಏನನ್ನಾದರೂ ಒಣಗಿಸಬೇಕೆಂದರೆ ನಮ್ಮ ಕೈಕಾಲು ತಾನಾಗಿ ಬಚ್ಚಲ ಒಲೆಯ ಕಡೆ ಹೋಗುತ್ತದೆ. ಗಮ್ಮು ಹಚ್ಚಿದ ಪ್ಯಾನೆಲನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ. ಅದರ ಆವಿ ಬೆಂಕಿ ಹಿಡಿಯುತ್ತದೆ.

ಒತ್ತಿದ ಮೇಲೆ ಒಂದು ದಿನ ಪೂರ್ತಿ ಮನೆಯೊಳಗೆ ಮಲಗಿಸಿಡಿ. ಸಂಜೆಯೇ ಕಾರಿಗೆ ಹಾಕುವ ಆಸೆ ಬೇಡ.

ತಗ್ಗಿನಲ್ಲಿ ಎದ್ದರೆ

ಕೈ ಇಡುವ ಜಾಗ ಪ್ಯಾನೆಲ್‌ಗೆ ಸೇರುವ ಒಳಬಾಗಿನಲ್ಲಿ ಲೆದರ್ ಎದ್ದು ಸೇತುವೆ ಕಟ್ಟಿದ್ದರೆ, ಅಂಚುಗಳನ್ನು ಮೊದಲು ಎಳೆದು ಅಂಟಿಸಿ ಆಮೇಲೆ ಮಧ್ಯವನ್ನು ತಗ್ಗಿಗೆ ಒತ್ತಿದ್ದಾರೆ. ತಗ್ಗಿನಲ್ಲಿ ಶುರು ಮಾಡಿ ಹೊರಕ್ಕೆ ಹೋಗಬೇಕಿತ್ತು. ಮಳೆಗಾಲದಲ್ಲಿ ಚರ್ಮ ತೇವ ಕುಡಿದು ಹಿಗ್ಗಿರುತ್ತದೆ. ಆಗ ಬಿಗಿಯಾಗಿ ಎಳೆದು ಕೂರಿಸಿದ್ದು ಮಾರ್ಚ್ ಬಿಸಿಲಿಗೆ ಕುಗ್ಗಿ ತಗ್ಗಿನಿಂದ ಮೇಲೇಳುತ್ತದೆ. ಬಿಡಿಸಿ, ಬೆಚ್ಚಗೆ ಮಾಡಿ, ತಗ್ಗಿನಿಂದ ಮತ್ತೆ ಕೂರಿಸಿದರೆ ಹೆಚ್ಚಿನವು ನಿಲ್ಲುತ್ತವೆ. ತಗ್ಗು ತುಂಬ ಆಳ ಇದ್ದರೆ ಎಷ್ಟು ಗಮ್ಮು ಸುರಿದರೂ ನಿಲ್ಲುವುದಿಲ್ಲ. ಅಲ್ಲಿ ಎರಡು ತುಂಡು ಮಾಡಿ ಹೊಲಿಗೆ ಹಾಕಲೇಬೇಕು. ಪಾಲಿಯೆಸ್ಟರ್ ದಾರ, 4ರಿಂದ 5 ಮಿಲಿಮೀಟರ್ ಅಂತರ. ಹೊಲಿಗೆ ಒತ್ತೊತ್ತಾಗಿದ್ದರೆ ಆ ತೂತಿನ ಸಾಲಿನಲ್ಲೇ ಚರ್ಮ ಹರಿಯುತ್ತದೆ. ಹತ್ತಿ ದಾರ ನಮ್ಮ ಹವೆಗೆ ಲಾಯಕ್ಕಲ್ಲ, ಕೊಳೆಯುತ್ತದೆ.

ಸಿಪ್ಪೆ ಏಳುವುದು, ಬೂಸುರು

ಅಂಟು ಗಟ್ಟಿ ಇದ್ದು ಮೇಲಿನ ಬಣ್ಣದ ಪದರ ಮಾತ್ರ ಸಿಪ್ಪೆ ಸಿಪ್ಪೆಯಾಗಿ ಎದ್ದರೆ ನಿಮಗೆ ಲೆದರ್ ಅಂತ ಕೊಟ್ಟದ್ದು ಲೆದರ್ ಅಲ್ಲ. ಕತ್ತರಿಸಿದ ಅಂಚು ನೋಡಿ. ಹಿಂದೆ ನೇಯ್ದ ಬಟ್ಟೆ ಕಂಡರೆ ರೆಕ್ಸಿನ್, ನಾರು ನಾರಾಗಿದ್ದರೆ ಚರ್ಮ. ಪಿಯು (ಪಾಲಿಯುರೆಥೇನ್) ರೆಕ್ಸಿನ್ ತೇವಕ್ಕೆ ಕೆಲವೇ ವರ್ಷದಲ್ಲಿ ಸಿಪ್ಪೆ ಏಳುತ್ತದೆ, ಅದಕ್ಕೆ ರಿಪೇರಿ ಇಲ್ಲ. ಪಿವಿಸಿ ರೆಕ್ಸಿನ್ ಸಿಪ್ಪೆ ಏಳುವುದು ಕಮ್ಮಿ, ಆದರೆ ಅದರೊಳಗಿನ ಎಣ್ಣೆಯಂಥ ಅಂಶ ಮೆಲ್ಲಗೆ ಇಳಿದು ಸಾಮಾನ್ಯ ರಬ್ಬರ್ ಗಮ್ಮನ್ನು ಲೋಳೆ ಮಾಡುತ್ತದೆ. ಸುಲಿದಾಗ ಗಮ್ಮು ಬೆಲ್ಲದ ಪಾಕದ ಹಾಗೆ ಜಿಗಿದರೆ ಇದೇ ಕಾರಣ. ಪಿವಿಸಿಗೆ ಹೊಂದುವ ಗಮ್ಮು ಬೇರೆ ಬರುತ್ತದೆ, ಡಬ್ಬಿ ಮೇಲೆ ಓದಿ ತನ್ನಿ.

ಬೂಸುರು ಮುಂದೆ ಮಾತ್ರ ಇದ್ದರೆ ಗಾಬರಿ ಬೇಡ. ಕಾರು ವಾರಗಟ್ಟಲೆ ಮುಚ್ಚಿ ನಿಂತಿತ್ತು, ಅಷ್ಟೇ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ, ಕಾಣದ ಮೂಲೆಯಲ್ಲಿ ಬಣ್ಣ ಹೋಗುವುದಿಲ್ಲ ಅಂತ ನೋಡಿ, ಒರೆಸಿ, ಗಾಳಿಯಲ್ಲಿ ಒಣಗಿಸಿ. ಒರೆಸಿದ ಎಂಟು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಂದರೆ ಹಿಂದೆ ಒದ್ದೆ ಇದೆ, ಶೀಟು ನೋಡಿ. ಹೊಳಪಿಗೆ ಅಂತ ತೆಂಗಿನೆಣ್ಣೆ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ಕಾರಿನ ಲೆದರ್‌ಗೆ ಮೇಲೆ ಬಣ್ಣದ ಲೇಪ ಇರುತ್ತದೆ, ಎಣ್ಣೆ ಒಳಗೆ ಇಳಿಯುವುದಿಲ್ಲ. ಮೇಲೆ ನಿಂತು ಧೂಳು ಹಿಡಿಯುತ್ತದೆ, ಬೂಸುರಿಗೆ ಊಟವಾಗುತ್ತದೆ.

ವಾಪಸ್ ಹಾಕಿದ ಮೇಲೆ

ಪ್ಯಾನೆಲ್ ಪೂರ್ತಿ ಕೂರದೆ ಒಂದು ಮೂಲೆ ಹೊರಗೆ ನಿಂತರೆ ಗುದ್ದಬೇಡಿ. ಹಿಂದಕ್ಕೆ ಮಡಚಿದ ಲೆದರ್ ದಪ್ಪ ಆಗಿದೆ. 1.2 ಮಿಲಿಮೀಟರ್ ಚರ್ಮ ಮಡಚಿದರೆ ಎರಡರಷ್ಟು, ಮೂಲೆಯಲ್ಲಿ ಅದಕ್ಕಿಂತ ಜಾಸ್ತಿ. ಮಡಿಕೆಯ ಭಾಗವನ್ನು ಹರಿತ ಚಾಕುವಿನಲ್ಲಿ ಹಿಂಬದಿಯಿಂದ ಹೆರೆದು ಅರ್ಧ ದಪ್ಪಕ್ಕೆ ತನ್ನಿ. ಮೂಲೆಯಲ್ಲಿ ವಿ ಆಕಾರದ ಕತ್ತರಿ ಹಾಕಿ. ಗಾಜು ನಿಧಾನವಾದರೂ ಕಾರಣ ಇದೇ ಇರಬಹುದು, ಮೇಲಿನ ಅಂಚಿನ ಮಡಿಕೆ ಗಾಜಿನ ರಬ್ಬರನ್ನು ಒತ್ತುತ್ತಿದೆ.

ಕಚ್ಚಾ ರಸ್ತೆಯಲ್ಲಿ ಕಟಕಟ ಸದ್ದು ಬಂದರೆ ಕೈಯಿಂದ ಪ್ಯಾನೆಲ್‌ನ ಒಂದೊಂದೇ ಮೂಲೆ ಒತ್ತಿ ಹಿಡಿದು ನೋಡಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿ ಕ್ಲಿಪ್ ಇಲ್ಲ. ಎಲ್ಲಿ ಒತ್ತಿದರೂ ನಿಲ್ಲದಿದ್ದರೆ ಒಳಗಿನ ವೈರು ಬಾಗಿಲಿನ ತಗಡಿಗೆ ಬಡಿಯುತ್ತಿದೆ, ಫೋಮ್ ಟೇಪ್ ಸುತ್ತಿ.

ಒಳಗಿನ ಹಿಡಿ ಎಳೆದರೆ ಬಾಗಿಲು ತೆರೆಯದಿದ್ದರೆ ಕೇಬಲ್ಲಿನ ತುದಿ ಕೊಂಡಿಯಲ್ಲಿ ಸರಿಯಾಗಿ ಕೂತಿಲ್ಲ. ಇದನ್ನು ಬಾಗಿಲು ಮುಚ್ಚುವ ಮೊದಲೇ ನೋಡಿಕೊಳ್ಳಿ: ಬಾಗಿಲು ತೆರೆದಿಟ್ಟು, ಸ್ಕ್ರೂಡ್ರೈವರ್‌ನಿಂದ ಲಾಕಿನ ನಾಲಗೆಯನ್ನು ಮುಚ್ಚಿದ ಸ್ಥಿತಿಗೆ ತಂದು, ಒಳಗಿನ ಹಿಡಿ ಎಳೆಯಿರಿ. ನಾಲಗೆ ಬಿಟ್ಟುಕೊಂಡರೆ ಸರಿ. ಬಿಡದಿದ್ದರೆ ಹೊರಗಿನ ಹಿಡಿಯಿಂದ ಬಿಡಿಸಿ, ಪ್ಯಾನೆಲ್ ತೆಗೆದು ಕೇಬಲ್ ಮತ್ತೆ ಸಿಕ್ಕಿಸಿ. ಬ್ಯಾಟರಿ ತೆಗೆದಿದ್ದರಿಂದ ಕೆಲವು ಕಾರಿನ ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರುವುದನ್ನು ಮರೆತಿರುತ್ತದೆ. ಗಾಜನ್ನು ಪೂರ್ತಿ ಮೇಲೇರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಎತ್ತಿ ಹಿಡಿದರೆ ಹೆಚ್ಚಿನ ಕಾರುಗಳಲ್ಲಿ ಅದು ಸರಿಯಾಗುತ್ತದೆ.